ಸ್ವತಂತ್ರ ಛಾಯಾಗ್ರಹಣ: ಬೆಂಗಳೂರು ದಂಡು ಪ್ರದೇಶದಲ್ಲಿ ಗಿರಾಕಿ ಸಂಪಾದನೆ

ಸ್ವತಂತ್ರ ಛಾಯಾಗ್ರಹಣದಲ್ಲಿ ಗಿರಾಕಿ ಸಂಪಾದನೆ ಎಂದರೆ, ಯಾವ ಸ್ಟುಡಿಯೋ, ಪತ್ರಿಕೆ ಅಥವಾ ಕಂಪನಿಯ ಸಂಬಳಕ್ಕೂ ಸೇರದ ಛಾಯಾಗ್ರಾಹಕ ತನ್ನ ಕೆಲಸವನ್ನು ಜನರ ಕಣ್ಣಿಗೆ ಬೀಳಿಸುವುದರಿಂದ ಹಿಡಿದು, ದರ ಮಾತಾಡಿ ಅಡ್ವಾನ್ಸ್ ಪಡೆದು ತಾರೀಕು ಗೊತ್ತುಮಾಡಿಕೊಳ್ಳುವವರೆಗೆ ನಡೆಸುವ ವ್ಯವಹಾರ. ಬೆಂಗಳೂರಿನ ದಂಡು ಪ್ರದೇಶದ ಶಿವಾಜಿನಗರ, ಹಲಸೂರು ಮತ್ತು ಅವುಗಳ ಪೂರ್ವಕ್ಕೆ ಹರಡಿರುವ ಇಂದಿರಾನಗರ, ಕೆ.ಆರ್. ಪುರಗಳಲ್ಲಿ ಈ ವ್ಯವಹಾರ ಬಹುಮಟ್ಟಿಗೆ ಮದುವೆಯನ್ನು ಆಧರಿಸಿದೆ. ಮದುವೆಯ ಖರೀದಿಗೆ ಹೆಸರಾದ ಕಮರ್ಷಿಯಲ್ ಸ್ಟ್ರೀಟ್ ಅದರ ಮುಖ್ಯ ಸಂಪರ್ಕಸ್ಥಾನ.

ಪರಿಭಾಷೆ

ಈ ಲೇಖನದಲ್ಲಿ ‘ಸ್ವತಂತ್ರ ಛಾಯಾಗ್ರಾಹಕ’ ಎಂದರೆ ಕೆಲಸಕ್ಕೆ ಇಷ್ಟು ಎಂದು ಹಣ ಪಡೆದು ದುಡಿಯುವವ. ಸ್ವಂತ ಸ್ಟುಡಿಯೋ ಇದ್ದರೂ ಇಲ್ಲದಿದ್ದರೂ ಈ ಹೆಸರು ಸಲ್ಲುತ್ತದೆ. ಹಣಕ್ಕಲ್ಲದೆ ಆಸಕ್ತಿಗಾಗಿ ಚಿತ್ರ ತೆಗೆಯುವವ ‘ಹವ್ಯಾಸಿ’. ಒಪ್ಪಿಕೊಂಡ ಕೆಲಸವನ್ನು ವೃತ್ತಿಯವರು ‘ಆರ್ಡರ್’ ಎನ್ನುತ್ತಾರೆ. ಗಿರಾಕಿಗೆ ತೋರಿಸಲು ಇಟ್ಟುಕೊಂಡ ಹಳೆಯ ಕೆಲಸದ ಪುಸ್ತಕ ‘ಸ್ಯಾಂಪಲ್ ಆಲ್ಬಂ’. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಶಾಸ್ತ್ರದ ಪ್ರತಿ ಘಟ್ಟವನ್ನೂ ತಪ್ಪದೆ ತೆಗೆಯುವುದು ‘ಟ್ರೆಡಿಷನಲ್’. ಹೇಳದೆ ಕೇಳದೆ ಸಹಜ ಭಾವವನ್ನು ಹಿಡಿಯುವುದು ‘ಕ್ಯಾಂಡಿಡ್’. ಇವೆರಡಕ್ಕೂ ಬೇರೆ ಬೇರೆ ಆಳುಗಳನ್ನು ಗೊತ್ತುಮಾಡುವುದು ಈಗ ರೂಢಿಯಾಗಿದೆ.

ಹಿನ್ನೆಲೆ

ಬ್ರಿಟಿಷರು 1809ರಲ್ಲಿ ಶ್ರೀರಂಗಪಟ್ಟಣದಿಂದ ಸೇನೆಯನ್ನು ಬೆಂಗಳೂರಿಗೆ ತಂದು ದಂಡು ಕಟ್ಟಿದರು. ಊರಿಗೆ ಕಾಗದ ಬರೆಯುವ ಅಧಿಕಾರಿಗಳು, ಅವರ ಕುಟುಂಬಗಳು, ವರ್ಗವಾಗಿ ಹೋಗುತ್ತಿದ್ದ ರೆಜಿಮೆಂಟುಗಳು ಇಲ್ಲಿನ ಸ್ಟುಡಿಯೋಗಳ ಮೊದಲ ಗಿರಾಕಿಗಳು. 19ನೇ ಶತಮಾನದ ಕೊನೆಯ ಭಾಗದಲ್ಲಿ ಬಾರ್ಟನ್, ಸನ್ ಅಂಡ್ ಕಂಪನಿ ಬೆಂಗಳೂರಿನ ಹೆಸರಾಂತ ಛಾಯಾಗ್ರಹಣ ಸಂಸ್ಥೆಯಾಗಿತ್ತು. ಫ್ರಾನ್ಸಿನ ಡಿಸ್ಡೆರಿ 1854ರಲ್ಲಿ ಪೇಟೆಂಟ್ ಪಡೆದ ‘ಕಾರ್ಟ್ ದ ವಿಸಿಟ್’ ಎಂಬ ರಟ್ಟಿನ ಚಿತ್ರ ಲೋಕವೆಲ್ಲ ಹರಡಿದ ಕಾಲ ಅದು. ಆ ರಟ್ಟಿನ ಬೆನ್ನಿನ ಮೇಲೆ ಸ್ಟುಡಿಯೋದ ಹೆಸರು, ವಿಳಾಸ ಅಚ್ಚಾಗಿರುತ್ತಿದ್ದವು. ನೆಗೆಟಿವ್ ಕಾಪಾಡಿಟ್ಟಿದೆ, ಬೇಕಾದಾಗ ಪ್ರತಿ ಸಿಗುತ್ತದೆ ಎಂಬ ಸೂಚನೆಯೂ ಹಲವುಗಳ ಮೇಲಿರುತ್ತಿತ್ತು. ಚಿತ್ರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಂತೆ ಜಾಹೀರಾತೂ ಹೋಗುತ್ತಿತ್ತು.

1910ರಲ್ಲಿ ಆರಂಭವಾದ ಜಿ.ಕೆ. ವೇಲ್ ಸಂಸ್ಥೆಯ ಹೆಸರು, ಮುಂದೆ ಮಹಾತ್ಮ ಗಾಂಧಿ ರಸ್ತೆಯಾದ ಸೌತ್ ಪರೇಡ್‌ನೊಂದಿಗೆ ಬೆಸೆದುಕೊಂಡಿತು. ಮದುವೆಯಾದ ಹೊಸದರಲ್ಲಿ ಗಂಡಹೆಂಡತಿ, ಪದವಿ ಪಡೆದ ಮಗ, ಆರು ತಿಂಗಳ ಕೂಸು ಸ್ಟುಡಿಯೋಕ್ಕೆ ಹೋಗಿ ಚಿತ್ರ ತೆಗೆಸಿಕೊಳ್ಳುವುದು ಬೆಂಗಳೂರಿನ ಮಧ್ಯಮ ವರ್ಗದ ಪದ್ಧತಿಯಾಯಿತು. ಚಿತ್ರದ ಕೆಳಮೂಲೆಯಲ್ಲಿ ಒತ್ತಿದ ಉಬ್ಬುಮುದ್ರೆಯೇ ಸ್ಟುಡಿಯೋದ ಪ್ರಚಾರ. ಬಣ್ಣದ ಫಿಲ್ಮ್ ಬಂದ ಮೇಲೆ ಕೊಡ್ಯಾಕ್‌ನ ಹಳದಿ ಬೋರ್ಡು, ಫ್ಯೂಜಿಯ ಹಸಿರು ಬೋರ್ಡು ಆ ಕೆಲಸ ಮಾಡಿದವು. ಆಗ ಬೋರ್ಡಿನ ಮೇಲೆ ಛಾಯಾಗ್ರಾಹಕನ ಹೆಸರಿಗಿಂತ ಫಿಲ್ಮ್ ಕಂಪನಿಯ ಹೆಸರೇ ದೊಡ್ಡದಾಗಿತ್ತು.

ಸ್ಟುಡಿಯೋದ ಆಸರೆಯಿಲ್ಲದೆ ಬದುಕಿದ ಛಾಯಾಗ್ರಾಹಕರ ಮಾದರಿ ಕರ್ನಾಟಕದಲ್ಲಿ ಪತ್ರಿಕೋದ್ಯಮದ ಕಡೆಯಿಂದ ಬಂತು. ಮೈಸೂರಿನ ಟಿ.ಎಸ್. ಸತ್ಯನ್ (1923–2009) 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡೆಕ್ಕನ್ ಹೆರಾಲ್ಡ್‌ನಲ್ಲಿ ಕೆಲಸ ಮಾಡಿ, ಬಳಿಕ ಸ್ವತಂತ್ರರಾಗಿ ‘ಲೈಫ್’, ‘ಟೈಮ್’ ಮುಂತಾದ ಪತ್ರಿಕೆಗಳಿಗೂ ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳಿಗೂ ಚಿತ್ರ ಒದಗಿಸಿದರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸಂಪಾದಕರಿಗೆ ಚಿತ್ರಕಥೆಯ ಪ್ರಸ್ತಾವ ಕಳಿಸಿ, ಒಪ್ಪಿಗೆ ಪಡೆದು ಹೊರಡುವ ಅವರಂಥವರ ಕ್ರಮಕ್ಕೂ ಮದುವೆ ಆರ್ಡರ್ ಹಿಡಿಯುವ ಕ್ರಮಕ್ಕೂ ಹೋಲಿಕೆ ಕಡಿಮೆ. ಒಬ್ಬ ಸಂಪಾದಕ ಮತ್ತೆ ಮತ್ತೆ ಕೆಲಸ ಕೊಡಬಲ್ಲ. ಮದುವೆಯ ಗಿರಾಕಿ ಹಾಗಲ್ಲ, ಅವನಿಂದ ಮುಂದಿನ ಕೆಲಸ ಬರುವುದು ಅವನ ನೆಂಟರ ಮೂಲಕ.

ರಚನೆ: ಶಿಫಾರಸಿನ ಜಾಲ

ಕಮರ್ಷಿಯಲ್ ಸ್ಟ್ರೀಟ್ ಕಾಮರಾಜ ರಸ್ತೆಯಿಂದ ಶಿವಾಜಿನಗರದ ಕಡೆಗೆ ಹೋಗುವ ಸಣ್ಣ ಬೀದಿ. ಇಬ್ರಾಹಿಂ ಸಾಹೇಬ್ ಸ್ಟ್ರೀಟ್, ಜ್ಯುವೆಲರ್ಸ್ ಸ್ಟ್ರೀಟ್, ಡಿಸ್ಪೆನ್ಸರಿ ರಸ್ತೆ, ನಾರಾಯಣ ಪಿಳ್ಳೆ ಸ್ಟ್ರೀಟ್‌ಗಳನ್ನೂ ಸೇರಿಸಿಕೊಂಡರೆ ಮದುವೆಗೆ ಬೇಕಾದ ಬಹುತೇಕ ಎಲ್ಲವೂ ನಡೆದಾಡುವ ದೂರದಲ್ಲಿ ಸಿಗುತ್ತದೆ: ರೇಷ್ಮೆ ಸೀರೆ, ಲೆಹಂಗಾ, ಶೇರ್ವಾನಿ, ಬಿಳಿ ಗೌನು, ಒಡವೆ, ಬಳೆ, ಚಪ್ಪಲಿ. ಹೆಣ್ಣಿನ ಮನೆಯವರು ಮದುವೆಗೆ ತಿಂಗಳುಗಳ ಮೊದಲೇ ಇಲ್ಲಿಗೆ ಬರುತ್ತಾರೆ. ಅವರಿಗೆ ಛಾಯಾಗ್ರಾಹಕ ಇನ್ನೂ ಗೊತ್ತಾಗಿರದ ಹೊತ್ತು ಅದು. ಹೀಗಾಗಿ ಬಟ್ಟೆಯಂಗಡಿ, ದರ್ಜಿ, ಒಡವೆ ವ್ಯಾಪಾರಿ, ಮೆಹಂದಿ ಹಾಕುವವರು ಛಾಯಾಗ್ರಾಹಕನ ಮೊದಲ ಮಧ್ಯವರ್ತಿಗಳಾಗುತ್ತಾರೆ.

ಇವರಲ್ಲಿ ರವಿಕೆ ಹೊಲಿಯುವ ದರ್ಜಿಯ ಸ್ಥಾನ ವಿಶೇಷ. ಸೀರೆಯಂಗಡಿಗೆ ಮದುಮಗಳು ಬರುವುದು ಒಂದೆರಡು ಸಲ, ದರ್ಜಿಯ ಬಳಿಗೆ ಹಲವು ಸಲ: ಅಳತೆಗೆ, ಕಸೂತಿಯ ಮಾದರಿ ಆರಿಸಲು, ಹಾಕಿ ನೋಡಲು, ಬಿಗಿಯೋ ಸಡಿಲವೋ ಸರಿಮಾಡಿಸಲು. ಬಂದಾಗೆಲ್ಲ ಕಾಯಬೇಕು. ಕೌಂಟರಿನ ಮೇಲೆ ಅಂಗೈಯಗಲದ ಸ್ಯಾಂಪಲ್ ಆಲ್ಬಂ ಇದ್ದರೆ ಆ ಹೊತ್ತಿನಲ್ಲಿ ಅದು ತೆರೆದುಕೊಳ್ಳುತ್ತದೆ. ಅದೇ ದರ್ಜಿ ಹೊಲಿದ ರವಿಕೆ ತೊಟ್ಟ ಮದುಮಗಳ ಬೆನ್ನಿನ ಚಿತ್ರ, ಕಸೂತಿಯ ಎಳೆ ಎಳೆ ಕಾಣುವಂತೆ, ಆಲ್ಬಮಿನ ಮೊದಲ ಪುಟಗಳಲ್ಲಿದ್ದರೆ ಪುಸ್ತಕ ದರ್ಜಿಗೂ ಜಾಹೀರಾತಾಗುತ್ತದೆ, ಹಾಗಾಗಿ ಅದು ಕೌಂಟರಿನ ಮೇಲೆಯೇ ಉಳಿಯುತ್ತದೆ. ಬರೀ ವಿಸಿಟಿಂಗ್ ಕಾರ್ಡಿನ ಕಟ್ಟು ಡ್ರಾಯರ್ ಸೇರುತ್ತದೆ.

ಎರಡನೆಯ ಕೊಂಡಿ ಮದುವೆ ಜಾಗದವರು: ಕಲ್ಯಾಣಮಂಟಪ, ಶಾದಿ ಮಹಲ್, ಚರ್ಚ್ ಹಾಲ್, ಹಳೇ ಮದ್ರಾಸ್ ರಸ್ತೆಯ ಕನ್ವೆನ್ಷನ್ ಹಾಲ್‌ಗಳ ಮ್ಯಾನೇಜರುಗಳು. ತಾರೀಕು ಮೊದಲು ಗೊತ್ತಾಗುವುದು ಅವರಿಗೆ. ಅಡುಗೆಯವರು, ಶಾಮಿಯಾನದವರು, ಹೂವಿನ ಅಲಂಕಾರದವರು, ಮೇಕಪ್ ಮಾಡುವವರು ಅವರ ನಂತರದವರು. ಶಿಫಾರಸಿಗೆ ಕಮಿಷನ್ ಕೊಡುವ ಪದ್ಧತಿ ಉಂಟು. ಆದರೆ ಕಮಿಷನ್ ಮೇಲೆಯೇ ನಿಂತ ಸಂಬಂಧ ಹೆಚ್ಚು ಕೊಡುವವನು ಬಂದ ದಿನ ಮುರಿಯುತ್ತದೆ. ಮಂಟಪದ ಅಲಂಕಾರ, ಎಲೆಯ ಮೇಲಿನ ಅಡುಗೆ, ಮೇಕಪ್ ಮುಗಿದ ಮುಖ ಇವುಗಳ ಚಿತ್ರಗಳನ್ನು ಅವರವರಿಗೆ ಹಣ ಕೇಳದೆ ಕಳಿಸಿಕೊಡುವುದು ಇದಕ್ಕೆ ಪರ್ಯಾಯ. ಅವರು ತಮ್ಮ ಪ್ರಚಾರಕ್ಕೆ ಬಳಸಿದಾಗ ಛಾಯಾಗ್ರಾಹಕನ ಹೆಸರೂ ಜೊತೆಯಲ್ಲಿ ಹೋಗುತ್ತದೆ.

ಮೂರನೆಯದು ವೃತ್ತಿಬಾಂಧವರೇ. ಒಂದೇ ಮುಹೂರ್ತಕ್ಕೆ ಎರಡು ಆರ್ಡರ್ ಬಂದವನು ಒಂದನ್ನು ಗೆಳೆಯನಿಗೆ ದಾಟಿಸುತ್ತಾನೆ. ಹೊಸಬರು ಸಾಮಾನ್ಯವಾಗಿ ಹಳಬರ ಜೊತೆ ಎರಡನೇ ಕ್ಯಾಮೆರಾ ಹಿಡಿದು ಈ ವಲಯಕ್ಕೆ ಬರುತ್ತಾರೆ. ಹಾಗೆ ಹೋದ ಮದುವೆಯಲ್ಲಿ ಸ್ವಂತ ಕಾರ್ಡು ಹಂಚಬಾರದೆಂಬುದು ಬರೆಯದ ನಿಯಮ. ಅದನ್ನು ಮೀರಿದವನಿಗೆ ಆ ವಲಯದಲ್ಲಿ ಮತ್ತೆ ಕರೆ ಬರುವುದು ಕಷ್ಟ.

ಮದುವೆ ಕಾಲ

ದಂಡು ಪ್ರದೇಶದ ಛಾಯಾಗ್ರಾಹಕನ ವರ್ಷ ಒಂದೇ ಪಂಚಾಂಗದಲ್ಲಿ ಮುಗಿಯುವುದಿಲ್ಲ. ಕನ್ನಡ ಮತ್ತು ತೆಲುಗು ಹಿಂದೂ ಕುಟುಂಬಗಳಲ್ಲಿ ಆಷಾಢ, ಧನುರ್ಮಾಸ, ಅಧಿಕಮಾಸ ಮತ್ತು ಗುರು–ಶುಕ್ರರ ಮೌಢ್ಯದ ದಿನಗಳಲ್ಲಿ ಮದುವೆ ನಡೆಯುವುದಿಲ್ಲ. ಹಲಸೂರಿನ ತಮಿಳು ಕುಟುಂಬಗಳು ಸೌರಮಾನದ ಆಡಿ ಮತ್ತು ಮಾರ್ಗಳಿ ತಿಂಗಳುಗಳನ್ನು ಬಿಡುತ್ತವೆ. ಮಾರವಾಡಿ ವ್ಯಾಪಾರಿಗಳಲ್ಲಿ ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕ ಶುದ್ಧ ಏಕಾದಶಿಯವರೆಗೆ, ಅಂದರೆ ಇಡೀ ಚಾತುರ್ಮಾಸ, ಲಗ್ನವಿಲ್ಲ. ಕನ್ನಡಿಗರು ಶ್ರಾವಣದಲ್ಲೇ ಮತ್ತೆ ಶುರುಮಾಡುತ್ತಾರೆ. ಕ್ರೈಸ್ತರು ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲ ಮತ್ತು ಈಸ್ಟರ್‌ಗೆ ಮುಂಚಿನ ಲೆಂಟ್ ಅವಧಿಯಲ್ಲಿ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಮುಸ್ಲಿಂ ಕುಟುಂಬಗಳು ರಂಜಾನ್ ಮತ್ತು ಮೊಹರಂ ತಿಂಗಳುಗಳಲ್ಲಿ ಹೆಚ್ಚಾಗಿ ನಿಕಾಹ್ ಇಡುವುದಿಲ್ಲ. ಹಿಜರಿ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದ್ದರಿಂದ ಈ ಬಿಡುವು ವರ್ಷ ವರ್ಷ ಹಿಂದಕ್ಕೆ ಸರಿಯುತ್ತದೆ.

ಒಂದೇ ಸಮುದಾಯವನ್ನು ನೆಚ್ಚಿದವನಿಗೆ ಇವೆಲ್ಲ ಖಾಲಿ ತಿಂಗಳುಗಳು, ಹಲವು ಸಮುದಾಯಗಳಲ್ಲಿ ಹೆಸರು ಪಡೆದವನಿಗೆ ಒಂದು ಇನ್ನೊಂದನ್ನು ತುಂಬುತ್ತದೆ. ಧನುರ್ಮಾಸ ಮುಗಿಯುವ ಮುನ್ನ, ಕ್ರಿಸ್ಮಸ್ ಕಳೆದ ಮೇಲಿನ ಎರಡು ಮೂರು ವಾರ ಚರ್ಚ್ ಮದುವೆಗಳ ಕಾಲ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಸುತ್ತಲಿನ ಕುಟುಂಬಗಳಲ್ಲಿ ಪರಿಚಯವಿದ್ದವನಿಗೆ ಆಗ ಕೆಲಸವಿರುತ್ತದೆ. 2026 ಇದಕ್ಕೆ ಸ್ಪಷ್ಟ ನಿದರ್ಶನ. ಆ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಬೇಸಿಗೆ ರಜೆಯ ನಡುವೆಯೇ ಹಿಂದೂ ಮದುವೆಗಳು ನಿಲ್ಲುತ್ತವೆ. ಎರಡೂ ಚಾಂದ್ರಮಾಸಗಳಾದ್ದರಿಂದ ಹಿಜರಿ 1447ರ ಜಿಲ್‌ಹಜ್ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಬೀಳುತ್ತದೆ. ಬಕ್ರೀದ್ ಬರುವ ಈ ತಿಂಗಳು ನಿಕಾಹ್‌ಗಳಿಗೆ ಅನುಕೂಲದ ಕಾಲ. ಮೊಹರಂ ಹುಟ್ಟುವ ಹೊತ್ತಿಗೆ ನಿಜ ಜ್ಯೇಷ್ಠ ಬಂದು ಹಿಂದೂ ಮುಹೂರ್ತಗಳು ಮತ್ತೆ ತೆರೆಯುತ್ತವೆ. ಇದಕ್ಕೆ ವಿರುದ್ಧವಾಗಿ ಅದೇ ವರ್ಷ ಲೆಂಟ್ ಫೆಬ್ರವರಿ 18ಕ್ಕೆ ಆರಂಭವಾಗಿ, ರಂಜಾನ್ ಕೂಡ ಅದೇ ವಾರ ಹಿಡಿದು ಎರಡೂ ಬಿಡುವು ಒಟ್ಟಿಗೆ ಬೀಳುತ್ತವೆ.

ಪ್ರಚಾರದ ಹೊತ್ತನ್ನೂ ಇದೇ ನಿರ್ಧರಿಸುತ್ತದೆ. ಹಾಲ್ ಸಿಗದ ಭಯದಿಂದ ತಾರೀಕುಗಳು ಬಹಳ ಮೊದಲೇ ಗೊತ್ತಾಗುತ್ತವೆ. ಆದ್ದರಿಂದ ಮಾಘ–ಫಾಲ್ಗುಣದ ಮದುವೆಗೆ ಸ್ಯಾಂಪಲ್ ತೋರಿಸಬೇಕಾದದ್ದು ದಸರೆ, ದೀಪಾವಳಿಯ ಸುಮಾರಿಗೆ. ಆಷಾಢದ ಬಿಡುವಿನಲ್ಲಿ ಹಿಂದಿನ ಋತುವಿನ ಆಲ್ಬಂ ಕೊಟ್ಟು ಮುಗಿಸುವುದು, ಹೊಸ ಸ್ಯಾಂಪಲ್ ಕಟ್ಟುವುದು ವೃತ್ತಿಯಲ್ಲಿ ನೆಲೆಯೂರಿದವರ ಕ್ರಮ. ಆಷಾಢದ ರಿಯಾಯಿತಿ ಎಂದು ದರ ಇಳಿಸುವುದು ಬಟ್ಟೆ ವ್ಯಾಪಾರಕ್ಕೆ ಒಗ್ಗೀತು. ಮುಹೂರ್ತವೇ ಇಲ್ಲದ ತಿಂಗಳಲ್ಲಿ ಮದುವೆ ಚಿತ್ರದ ದರ ಇಳಿಸಿ ಪ್ರಯೋಜನವಿಲ್ಲ.

ಮಾದರಿ ಕೆಲಸ ಮತ್ತು ಪ್ರದರ್ಶನ

ಅಚ್ಚಿನ ಸ್ಯಾಂಪಲ್ ಆಲ್ಬಂ ಈಗಲೂ ವ್ಯಾಪಾರ ಕುದುರಿಸುವ ಸಾಧನ. ತೆರೆದಿಟ್ಟರೆ 12 ಇಂಚು ಎತ್ತರ, 36 ಇಂಚು ಅಗಲವಾಗುವ ಹಾಳೆಗಳ ಆಲ್ಬಂ ಮದುವೆ ಮಾರುಕಟ್ಟೆಯಲ್ಲಿ ರೂಢಿಯ ಗಾತ್ರ. ಹಿರಿಯರು ಮೊದಲು ನೋಡುವುದು ಕಾಗದದ ದಪ್ಪ ಮತ್ತು ಜರಿಯ ಬಣ್ಣ. ಮಂಟಪದ ಬಣ್ಣದ ದೀಪಗಳಡಿ ತೆಗೆದ ಚಿತ್ರದಲ್ಲಿ ಅರಿಸಿನ ಹಚ್ಚಿದ ಮುಖ, ಕೆಂಪು ಅಂಚು, ಚಿನ್ನ ಮೂರೂ ತಮ್ಮ ತಮ್ಮ ಬಣ್ಣದಲ್ಲೇ ಉಳಿದಿದ್ದರೆ ಮಾತು ಮುಂದುವರಿಯುತ್ತದೆ. ಬೆಂಗಳೂರಿನಲ್ಲಿ 2007ರಲ್ಲಿ ಆರಂಭವಾದ ಕ್ಯಾನ್ವೆರಾ, ಛಾಯಾಗ್ರಾಹಕರಿಗಾಗಿಯೇ ಆಲ್ಬಂ ಮುದ್ರಿಸಿಕೊಡುವ ವ್ಯಾಪಾರವನ್ನು ದೊಡ್ಡ ಪ್ರಮಾಣಕ್ಕೆ ಬೆಳೆಸಿತು. ಇದರಿಂದ ಸ್ವಂತ ಲ್ಯಾಬ್ ಇಲ್ಲದವರೂ ಒಳ್ಳೆಯ ಅಚ್ಚು ತೋರಿಸುವಂತಾಯಿತು.

2010ರಲ್ಲಿ ಬಂದ ಇನ್‌ಸ್ಟಾಗ್ರಾಂ ಕೆಲಕಾಲದಲ್ಲೇ ತರುಣರ ಸ್ಯಾಂಪಲ್ ಆಲ್ಬಮಿನ ಸ್ಥಾನಕ್ಕೆ ಬಂತು. ಗೂಗಲ್ ನಕ್ಷೆಯ ವ್ಯಾಪಾರ ಪುಟ ಹತ್ತಿರದಲ್ಲಿ ಯಾರಿದ್ದಾರೆಂದು ಹುಡುಕುವವರನ್ನು ತಂದರೆ, ಜಸ್ಟ್‌ಡಯಲ್, ವೆಡ್‌ಮಿಗುಡ್‌ನಂಥ ಪಟ್ಟಿಗಳು ದರ ಹೋಲಿಸುವವರನ್ನು ತರುತ್ತವೆ. ವಿಚಾರಣೆ ಎಲ್ಲಿಂದ ಬಂದರೂ ಮಾತು ಕೊನೆಗೆ ವಾಟ್ಸ್‌ಆಪ್‌ಗೆ ಇಳಿಯುತ್ತದೆ. ಆರಿಸಿದ ಇಪ್ಪತ್ತು ಚಿತ್ರಕ್ಕಿಂತ ಒಂದೇ ಮದುವೆಯ ಆದ್ಯಂತ ಚಿತ್ರಗಳು ಹೆಚ್ಚು ನಂಬಿಕೆ ಹುಟ್ಟಿಸುತ್ತವೆ. ಮಂದ ಬೆಳಕಿನ ಊಟದ ಮನೆಯಲ್ಲಿ ಛಾಯಾಗ್ರಾಹಕ ಏನು ಮಾಡಿದನೆಂಬುದು ಅಲ್ಲಿ ಮಾತ್ರ ತಿಳಿಯುತ್ತದೆ.

ಆನ್‌ಲೈನ್ ಪ್ರದರ್ಶನ ಎಲ್ಲ ಸಮುದಾಯಗಳಲ್ಲೂ ನಡೆಯುವುದಿಲ್ಲ. ಶಿವಾಜಿನಗರ, ಫ್ರೇಜರ್ ಟೌನ್‌ಗಳ ಅನೇಕ ಮುಸ್ಲಿಂ ಕುಟುಂಬಗಳು ಹೆಂಗಸರ ಕಡೆಯ ಚಿತ್ರಕ್ಕೆ ಛಾಯಾಗ್ರಾಹಕಿಯನ್ನೇ ಕೇಳುತ್ತವೆ. ಚಿತ್ರ ಎಲ್ಲಿಯೂ ಪ್ರಕಟವಾಗಕೂಡದೆಂಬ ಷರತ್ತು ಹಾಕುತ್ತವೆ. ಈ ಕ್ಷೇತ್ರದಲ್ಲಿ ನುರಿತ ಮಹಿಳೆಯರ ಉತ್ತಮ ಕೆಲಸ ಸಾರ್ವಜನಿಕವಾಗಿ ಕಾಣುವುದೇ ಇಲ್ಲ. ಮೆಹಂದಿಯ ಕೈ, ಒಡವೆ, ದುಪಟ್ಟಾದ ಅಂಚು, ಅಲಂಕರಿಸಿದ ಕುರ್ಚಿ ಇಷ್ಟನ್ನೇ ತೋರಿಸಿ, ಉಳಿದದ್ದನ್ನು ಮನೆಯ ಹೆಂಗಸರ ಬಾಯಿಮಾತಿಗೆ ಬಿಡಬೇಕಾಗುತ್ತದೆ. ಈ ಬಾಯಿಮಾತು ನಡೆಯುವುದು ದಖನಿ ಉರ್ದುವಿನಲ್ಲಿ. ಹಲಸೂರಿನಲ್ಲಿ ಅದು ತಮಿಳು, ಕೆ.ಆರ್. ಪುರದಲ್ಲಿ ಕನ್ನಡ ಮತ್ತು ತೆಲುಗು. ಇಂದಿರಾನಗರದಲ್ಲಿ ಇಂಗ್ಲಿಷ್ ಮುಂದು.

ಹವ್ಯಾಸಿ ಸಂಘಗಳ ಮನ್ನಣೆಯೂ ಪ್ರಚಾರಕ್ಕೆ ಬಳಕೆಯಾಗುತ್ತದೆ. 1971ರಲ್ಲಿ ಹುಟ್ಟಿದ ಬೆಂಗಳೂರಿನ ಯೂತ್ ಫೊಟೊಗ್ರಾಫಿಕ್ ಸೊಸೈಟಿಯಂಥ ಸಂಘಗಳ ಮೂಲಕ ಅಂತರರಾಷ್ಟ್ರೀಯ ಸಲೋನ್‌ಗಳಿಗೆ ಚಿತ್ರ ಕಳಿಸಿ ಪಡೆದ ಎ.ಎಫ್.ಐ.ಎ.ಪಿ. ಮುಂತಾದ ಬಿರುದುಗಳನ್ನು ಕೆಲವರು ಕಾರ್ಡಿನ ಮೇಲೆ ಹಾಕಿಕೊಳ್ಳುತ್ತಾರೆ. ಮದುವೆ ಮನೆಯವರಿಗೆ ಈ ಅಕ್ಷರಗಳು ಅಷ್ಟಾಗಿ ತಿಳಿಯವು. ಕಂಪನಿಗಳ ಕೊಟೇಶನ್‌ನಲ್ಲಿ ಅವಕ್ಕೆ ಬೆಲೆಯುಂಟು.

ಮದುವೆಯಾಚೆಯ ಗಿರಾಕಿ

ಪಾಸ್‌ಪೋರ್ಟ್ ಅಳತೆಯ ಚಿತ್ರ ಒಂದು ಕಾಲಕ್ಕೆ ಸಣ್ಣ ಸ್ಟುಡಿಯೋದ ದಿನದ ಆದಾಯವಾಗಿತ್ತು. 2010ರಲ್ಲಿ ಕರ್ನಾಟಕದಲ್ಲಿ ಪ್ರಾಯೋಗಿಕವಾಗಿ ಶುರುವಾದ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಅರ್ಜಿದಾರರ ಚಿತ್ರವನ್ನು ಅಲ್ಲಿಯೇ ತೆಗೆಯತೊಡಗಿದ ಮೇಲೆ ಅದು ಇಳಿಯಿತು. ಅಮೆರಿಕದ 2×2 ಇಂಚು, ಷೆಂಗೆನ್ ದೇಶಗಳ 35×45 ಮಿ.ಮೀ. ವೀಸಾ ಚಿತ್ರಗಳು ಉಳಿದುಕೊಂಡವು.

ಅದೇ ಸುಮಾರಿಗೆ ಬೇರೆ ಕೆಲಸ ತೆರೆಯಿತು. ಫ್ಲಿಪ್‌ಕಾರ್ಟ್, ಮಿಂತ್ರಾ ಎರಡೂ 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವು. ಬಟ್ಟೆ, ಚಪ್ಪಲಿ, ಒಡವೆಗಳನ್ನು ಬಿಳಿ ಹಿನ್ನೆಲೆಯಲ್ಲಿ ತೆಗೆಯುವ ಕ್ಯಾಟಲಾಗ್ ಕೆಲಸಕ್ಕೆ ಬೇಡಿಕೆ ಬಂತು. ಆನ್‌ಲೈನ್ ಮಾರಲು ಹೊರಟ ಕಮರ್ಷಿಯಲ್ ಸ್ಟ್ರೀಟಿನ ವ್ಯಾಪಾರಿ ಮದುವೆಯ ಶಿಫಾರಸುದಾರನ ಜೊತೆಗೆ ಸ್ವತಃ ಗಿರಾಕಿಯೂ ಆದ. 2014ರಲ್ಲಿ ಸ್ವಿಗ್ಗಿ ಬಂದ ನಂತರ ಇಂದಿರಾನಗರದ 100 ಅಡಿ ರಸ್ತೆ, 12ನೇ ಮೈನ್‌ಗಳ ಹೋಟೆಲು, ಕೆಫೆಗಳಿಗೆ ತಿನಿಸಿನ ಚಿತ್ರ ಅನಿವಾರ್ಯವಾಯಿತು. ಈ ಗಿರಾಕಿಗಳಿಗೆ ಪಂಚಾಂಗವಿಲ್ಲ. ಆಷಾಢದಲ್ಲೂ ಕೆಲಸ ಕೊಡುತ್ತಾರೆ, ಆದರೆ ಹಣ ತಡವಾಗಿ ಕೊಡುತ್ತಾರೆ. ಉದ್ಯಮ್ ನೋಂದಣಿ ಇದ್ದ ಸೇವಾದಾರನಿಗೆ 2006ರ ಎಂಎಸ್‌ಎಂಇ ಕಾಯ್ದೆಯಡಿ ಗರಿಷ್ಠ 45 ದಿನಗಳಲ್ಲಿ ಹಣ ಪಾವತಿಯಾಗಬೇಕು, ತಪ್ಪಿದರೆ ಬಡ್ಡಿ ಕೇಳಬಹುದು.

ದರ ಮತ್ತು ಒಪ್ಪಂದ

ದರವನ್ನು ದಿನಕ್ಕೆ, ಹೊತ್ತಿಗೆ ಅಥವಾ ಪ್ಯಾಕೇಜಿಗೆ ಎಂದು ಹೇಳುತ್ತಾರೆ. ಹಿಂದಿನ ಸಂಜೆಯ ರಿಸೆಪ್ಷನ್ ಮತ್ತು ಮರುಬೆಳಗಿನ ಮುಹೂರ್ತ ಎರಡು ಹೊತ್ತು. ಚಪ್ಪರ, ಹಳದಿ, ಮೆಹಂದಿ, ವಲೀಮಾ ಪ್ರತ್ಯೇಕ. ಎಷ್ಟು ಆಳು, ಎಷ್ಟು ಹಾಳೆಯ ಆಲ್ಬಂ, ವಿಡಿಯೋ ಉಂಟೋ ಇಲ್ಲವೋ ಎಂಬುದರ ಮೇಲೆ ಮೊತ್ತ ನಿಲ್ಲುತ್ತದೆ. ತಾರೀಕು ಹಿಡಿಯಲು ಅಡ್ವಾನ್ಸ್, ಕಾರ್ಯದ ದಿನ ದೊಡ್ಡ ಭಾಗ, ಆಲ್ಬಂ ಕೊಡುವಾಗ ಬಾಕಿ ಎಂಬುದು ಸಾಮಾನ್ಯ ಕ್ರಮ. ಕೊನೆಯ ಕಂತು ಸಿಕ್ಕಿಕೊಳ್ಳುವುದು ಆಲ್ಬಮಿನ ಚಿತ್ರ ಆರಿಸುವಲ್ಲಿ. ಮನೆಯವರು ವರ್ಷವಾದರೂ ಆರಿಸದಿದ್ದರೆ ಬಾಕಿಯೂ ಬರುವುದಿಲ್ಲ. ಇದನ್ನು ತಪ್ಪಿಸಲು ಆಯ್ಕೆಗೆ ಗಡುವು ಬರೆದುಕೊಳ್ಳುತ್ತಾರೆ.

ಕಾನೂನು

1957ರ ಕೃತಿಸ್ವಾಮ್ಯ ಕಾಯ್ದೆಯ 17(ಬಿ) ಕಲಮಿನ ಪ್ರಕಾರ, ಒಬ್ಬರ ಕೋರಿಕೆಯ ಮೇಲೆ ಹಣ ಪಡೆದು ತೆಗೆದ ಛಾಯಾಚಿತ್ರದ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದವರದು. ಮದುವೆ ಚಿತ್ರವನ್ನು ಸ್ಯಾಂಪಲ್ಲಿನಲ್ಲಾಗಲಿ ಇನ್‌ಸ್ಟಾಗ್ರಾಂನಲ್ಲಾಗಲಿ ಬಳಸಲು ಬರಹದ ಒಪ್ಪಿಗೆ ಬೇಕಾಗುವುದು ಇದರಿಂದ. ಛಾಯಾಗ್ರಾಹಕರಲ್ಲಿ ಹಲವರು ಇದಕ್ಕೆ ತದ್ವಿರುದ್ಧವಾಗಿ ತಿಳಿದಿದ್ದಾರೆ. 2012ರ ತಿದ್ದುಪಡಿಯ ನಂತರ ಛಾಯಾಚಿತ್ರದ ಕೃತಿಸ್ವಾಮ್ಯ ಕರ್ತೃವಿನ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ.

ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ಛಾಯಾಗ್ರಹಣ ಸೇವೆಯ ದರ ಶೇ. 18. ಅಂಗಡಿಯ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿ ಕಾಯ್ದೆ ಹೇಳುತ್ತದೆ. 2018ರಲ್ಲಿ ಹೈಕೋರ್ಟಿನ ಆದೇಶದ ಬೆನ್ನಿಗೆ ನಗರದ ಫ್ಲೆಕ್ಸ್‌ಗಳನ್ನು ತೆರವು ಮಾಡಿದ ಮೇಲೆ ಬೀದಿಯ ಬ್ಯಾನರ್ ಪ್ರಚಾರ ಕುಗ್ಗಿತು. ಡ್ರೋನ್ ಹಾರಾಟಕ್ಕೆ 2021ರ ಡ್ರೋನ್ ನಿಯಮಗಳು ಅನ್ವಯ. ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರ ಮುಂತಾದ ಸೇನಾ ನೆಲೆಗಳು ಹತ್ತಿರದಲ್ಲೇ ಇರುವುದರಿಂದ ಡ್ರೋನ್ ಚಿತ್ರವನ್ನು ಪ್ಯಾಕೇಜಿನಲ್ಲಿ ಸೇರಿಸುವ ಮುನ್ನ ಜಾಗ ನೋಡಬೇಕಾಗುತ್ತದೆ. ಕಬ್ಬನ್ ಉದ್ಯಾನದಲ್ಲಿ ಚಿತ್ರೀಕರಣಕ್ಕೆ ತೋಟಗಾರಿಕೆ ಇಲಾಖೆಯ ನಿಯಮಗಳು ಅನ್ವಯಿಸುತ್ತವೆ.

ಈಗಿನ ಸ್ಥಿತಿ

ಕಮರ್ಷಿಯಲ್ ಸ್ಟ್ರೀಟನ್ನು ಸ್ಮಾರ್ಟ್ ಸಿಟಿ ಯೋಜನೆಯಡಿ 2020–21ರಲ್ಲಿ ಹೊಸದಾಗಿ ಕಲ್ಲು ಹಾಸಿ ಕಟ್ಟಲಾಯಿತು. ಕೋವಿಡ್ ಕಾಲದಲ್ಲಿ ಮದುವೆಗೆ ಜನರ ಮಿತಿ ಹೇರಿದ್ದರಿಂದ ಆರ್ಡರ್‌ಗಳು ಕುಗ್ಗಿ, ನೆಂಟರಿಗಾಗಿ ನೇರ ಪ್ರಸಾರ ಮಾಡಿಕೊಡುವುದು ಹೊಸ ಸೇವೆಯಾಗಿ ಸೇರಿತು. ಮಿತಿ ಹೋದರೂ ಸೇವೆ ಉಳಿಯಿತು, ವಿದೇಶದಲ್ಲಿ ಮಕ್ಕಳಿರುವ ಮನೆಗಳಲ್ಲಿ ಅದನ್ನು ಕೇಳಿಯೇ ಕೇಳುತ್ತಾರೆ. ಮುಖ ಗುರುತಿಸಿ ಪ್ರತಿ ಅತಿಥಿಗೂ ಅವರವರ ಚಿತ್ರ ಮಾತ್ರ ಮೊಬೈಲಿಗೆ ತಲುಪಿಸುವ ತಂತ್ರಾಂಶಗಳು ಈಗ ಬಳಕೆಯಲ್ಲಿವೆ. ಅವುಗಳಿಂದ ಛಾಯಾಗ್ರಾಹಕನ ಹೆಸರು ಮದುವೆಯ ದಿನವೇ ನೂರಾರು ಫೋನುಗಳಿಗೆ ಹೋಗುತ್ತದೆ. ಜೊತೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ ಒಪ್ಪಿಗೆಯ ಪ್ರಶ್ನೆಯೂ ಏಳುತ್ತದೆ.

ಮದುವೆ ಜಾಗಗಳು ಪೂರ್ವಕ್ಕೆ ಸರಿಯುತ್ತಿವೆ. ಪಾರ್ಕಿಂಗ್ ಇಲ್ಲದ ಶಿವಾಜಿನಗರ, ಹಲಸೂರುಗಳ ಹಳೆಯ ಹಾಲ್‌ಗಳಿಂದ ಕೆ.ಆರ್. ಪುರದಾಚೆಯ ಕನ್ವೆನ್ಷನ್ ಹಾಲ್‌ಗಳಿಗೆ ದೊಡ್ಡ ಮದುವೆಗಳು ಹೋಗುತ್ತಿವೆ. 2011ರಲ್ಲಿ ಎಂ.ಜಿ. ರಸ್ತೆ–ಬೈಯಪ್ಪನಹಳ್ಳಿ ನಡುವೆ ಓಡಲಾರಂಭಿಸಿದ ಮೆಟ್ರೊ 2023ರ ಅಕ್ಟೋಬರ್‌ನಲ್ಲಿ ಕೆ.ಆರ್. ಪುರ, ವೈಟ್‌ಫೀಲ್ಡ್ ಮಾರ್ಗವನ್ನು ಕೂಡಿಕೊಂಡ ಬಳಿಕ ಆ ಕಡೆಯ ಕುಟುಂಬಗಳು ಖರೀದಿಗೆ ಎಂ.ಜಿ. ರಸ್ತೆಯಲ್ಲಿ ಇಳಿದು ಕಮರ್ಷಿಯಲ್ ಸ್ಟ್ರೀಟಿಗೆ ನಡೆದು ಬರುವುದು ಸುಲಭವಾಗಿದೆ. ಆರ್ಡರ್ ಗೊತ್ತಾಗುವುದು ಬೀದಿಯಲ್ಲಿ, ಕೆಲಸ ನಡೆಯುವುದು ಹದಿನೈದು–ಇಪ್ಪತ್ತು ಕಿಲೋಮೀಟರ್ ದೂರದಲ್ಲಿ. ಕೊಟೇಶನ್‌ಗಳಲ್ಲಿ ಈಗ ಸಾಗಣೆ ವೆಚ್ಚಕ್ಕೆ ಪ್ರತ್ಯೇಕ ಸಾಲು ಕಾಣಿಸಿಕೊಳ್ಳುತ್ತಿರುವುದು ಇದರಿಂದ.